ಜೂನ್‌ನಲ್ಲಿ ಲೇಕ್ ಅಲೋಹಾಗೆ ಹೋಗಬಹುದಾ?

ಪ್ರಶ್ನೆ: ನಾವು ಬೇ ಏರಿಯಾದಲ್ಲಿ ಇದ್ದೇವೆ. ಜೂನ್ ಎರಡನೇ ಶನಿವಾರಕ್ಕೆ ಲೇಕ್ ಟಾಹೋ ಪಕ್ಕದ ಡೆಸೊಲೇಶನ್ ವಿಲ್ಡರ್ನೆಸ್‌ನಲ್ಲಿ ಒಂದು ರಾತ್ರಿಯ ಪರ್ಮಿಟ್ ಸಿಕ್ಕಿದೆ, ಲೇಕ್ ಅಲೋಹಾ ಜೋನಿಗೆ. ನಾನು, ನನ್ನ ಹೆಂಡತಿ, ಒಬ್ಬ ಸ್ನೇಹಿತ, ಬೆಂಗಳೂರಿನಿಂದ ಈಗಷ್ಟೇ ಬಂದಿರುವ ನನ್ನ ಭಾವಮೈದುನ, ಒಟ್ಟು ನಾಲ್ಕು ಜನ. ಊರಲ್ಲಿ ಕುಮಾರ ಪರ್ವತ, ತಡಿಯಂಡಮೋಳ್ ಹತ್ತಿದ್ದೇವೆ. ಇಲ್ಲಿ ಆಗಸ್ಟ್‌ನಲ್ಲಿ ಬ್ಯಾಗ್ ಹೊತ್ತು ಹೋಗಿ ಟೆಂಟ್ ಹಾಕಿದ ಅನುಭವ ಸ್ವಲ್ಪ ಇದೆ. ಮೇಲೆ ಇನ್ನೂ ಸ್ನೋ ಇದೆ ಅಂತ ಕೆಲವರು ಹೆದರಿಸುತ್ತಿದ್ದಾರೆ, ಏನೂ ಆಗಲ್ಲ ಹೋಗಿ ಅಂತ ಇನ್ನು ಕೆಲವರು. ಹೋಗಬಹುದಾ? ಜಾಸ್ತಿ ಏನು ಒಯ್ಯಬೇಕು? ಭಾವಮೈದುನನಂತೂ ಕೆರೆಯಲ್ಲಿ ಈಜಿಯೇ ಸಿದ್ಧ ಅಂತ ಕೂತಿದ್ದಾನೆ.

ಉತ್ತರ: ಹೋಗಬಹುದು. ಆದರೆ ಕೆರೆ ಮುಟ್ಟಿಯೇ ಬರುತ್ತೇವೆ ಅಂತ ಹೊರಡಬೇಡಿ. ಈ ಸಮಯದಲ್ಲಿ ಎಲ್ಲಿಯವರೆಗೆ ಹೋಗಬೇಕು ಅನ್ನೋದನ್ನು ಹಿಮ ತೀರ್ಮಾನ ಮಾಡುತ್ತದೆ. ಅದಕ್ಕೆ ಒಪ್ಪಿಕೊಂಡು ಹೊರಟರೆ ಇದು ವರ್ಷದ ಅತ್ಯಂತ ಚೆಂದದ ಟ್ರಿಪ್. ಒಪ್ಪದೆ ಹೊರಟರೆ ಶನಿವಾರ ಸಂಜೆ ಐದು ಗಂಟೆಗೆ ಮೊಣಕಾಲುದ್ದ ಹಿಮದಲ್ಲಿ ನಿಂತು ಗಂಡ ಹೆಂಡತಿ ಜಗಳ ಆಡುತ್ತೀರಿ.

ನಿಮಗೆ ಎರಡು ತರಹ ಹೇಳುತ್ತಿರುವವರು ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಹೋಗಿದ್ದ ವರ್ಷ ಬೇರೆ ಬೇರೆ ಇರಬೇಕು, ಅಷ್ಟೇ. ನಡಿಗೆ ಶುರು ಮಾಡಿ ಅಂತ ನಾನು ಮುಂದೆ ಹೇಳುವ ಎಕೋ ಲೇಕ್‌ನಿಂದ ಕೆಲವೇ ಮೈಲಿ ಆಚೆ, ಹೈವೇ 50ರ ಪಕ್ಕದಲ್ಲಿ ಫಿಲಿಪ್ಸ್ ಸ್ಟೇಷನ್ ಅಂತ ಒಂದು ಜಾಗ ಇದೆ. ಕ್ಯಾಲಿಫೋರ್ನಿಯಾದ ಜಲಸಂಪನ್ಮೂಲ ಇಲಾಖೆಯವರು ಪ್ರತಿ ಚಳಿಗಾಲ ಅಲ್ಲಿ ಕೊಳವೆ ಚುಚ್ಚಿ ಹಿಮ ಅಳೆಯುತ್ತಾರೆ. 2015ರ ಏಪ್ರಿಲ್ 1ರಂದು ಅಲ್ಲಿ ಚುಚ್ಚೋಕೆ ಹಿಮವೇ ಇರಲಿಲ್ಲ, ಬರೀ ಒಣ ಹುಲ್ಲು. 75 ವರ್ಷಗಳ ಏಪ್ರಿಲ್ ಅಳತೆಯಲ್ಲಿ ಹಾಗಾಗಿದ್ದು ಅದೇ ಮೊದಲು. ಅದೇ ಜಾಗದಲ್ಲಿ 2023ರ ಏಪ್ರಿಲ್ 3ರಂದು 126.5 ಇಂಚು ಹಿಮ ಇತ್ತು, ಅಂದರೆ ಹತ್ತಡಿಗೂ ಜಾಸ್ತಿ. ಕರಗಿಸಿದರೆ 54 ಇಂಚು ನೀರು. 2015ರ ಜೂನ್‌ನಲ್ಲಿ ಹೋದವರು ಧೂಳು ತುಳಿದರು. 2023ರಲ್ಲಿ ಅದೇ ವಾರ ಹೋದವರಿಗೆ ಕಾಲ್ದಾರಿಯೇ ಕಾಣಲಿಲ್ಲ. ಹಾಗಾಗಿ "ಜೂನ್‌ನಲ್ಲಿ ಹೇಗಿರುತ್ತೆ" ಅನ್ನೋ ಪ್ರಶ್ನೆ ಬಿಡಿ, "ಈ ವರ್ಷ ಹೇಗಿದೆ" ಅಂತ ಕೇಳಿ. ಸಾಧಾರಣ ವರ್ಷದಲ್ಲಿ, ಜೂನ್ ನಡುವಿನ ಹೊತ್ತಿಗೆ ಎಂಟು ಸಾವಿರ ಅಡಿಯ ಮೇಲೆ ನೆರಳಿರುವ ಕಡೆಯೆಲ್ಲ ಹಿಮದ ತೇಪೆಗಳು ಇದ್ದೇ ಇರುತ್ತವೆ. ಜಾಸ್ತಿ ಬಿದ್ದ ವರ್ಷ ಜುಲೈಗೂ ಬಿಡುವುದಿಲ್ಲ.

ಈ ವರ್ಷ ಹೇಗಿದೆ ಅಂತ ಮನೆಯಲ್ಲೇ ಕೂತು ತಿಳಿದುಕೊಳ್ಳಬಹುದು. ಬೆಟ್ಟಗಳಲ್ಲಿ ಹಿಮ ಅಳೆಯುವ ಯಂತ್ರಗಳಿವೆ, ಅವುಗಳ ಲೆಕ್ಕ ದಿನಾ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ನಿಮ್ಮ ದಾರಿಗೆ ಹತ್ತಿರದ್ದು ಎಕೋ ಪೀಕ್ ಹೆಸರಿನದ್ದು. ಅದರಲ್ಲಿ ಎರಡು ಸಂಖ್ಯೆ ಇರುತ್ತವೆ: ಹಿಮದ ಆಳ ಮತ್ತು ಅದರಲ್ಲಿರುವ ನೀರು. ನೀರಿನ ಸಂಖ್ಯೆ ನೋಡಿ. ಬಿಸಿಲು ಚೆನ್ನಾಗಿರುವ ಜೂನ್ ದಿನಗಳಲ್ಲಿ ದಿನಕ್ಕೆ ಒಂದರಿಂದ ಎರಡು ಇಂಚು ನೀರಿನಷ್ಟು ಹಿಮ ಕರಗುತ್ತದೆ. ಅಲ್ಲಿ ಇನ್ನೂ 15 ಇಂಚು ನೀರಿದೆ, ನೀವು ಹೊರಡೋಕೆ ಹತ್ತು ದಿನ ಇದೆ ಅಂದರೆ, ಹೊರಡುವ ಹೊತ್ತಿಗೆ ಯಂತ್ರದ ಜಾಗ ಹೆಚ್ಚುಕಡಿಮೆ ಖಾಲಿ ಆಗಿರಬಹುದು. ಹಾಗಂತ ಕಾಡಿನೊಳಗೂ ಖಾಲಿ ಅಂದುಕೊಳ್ಳಬೇಡಿ. ಯಂತ್ರ ಇರೋದು ಬಯಲಲ್ಲಿ. ಮರಗಳ ನೆರಳಿನಲ್ಲಿ, ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹಿಮ ಇನ್ನೂ ಎರಡು ವಾರ ಕೂತಿರುತ್ತದೆ.

ಇದರ ಜೊತೆಗೆ ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡಿ. ಕೆಲವೇ ದಿನಕ್ಕೊಮ್ಮೆ ಹೊಸ ಚಿತ್ರ ಬರುತ್ತದೆ, ಪುಕ್ಕಟೆ. ಕೆರೆ ಬಿಳಿಯಾಗಿದ್ದರೆ ಮೇಲೆ ಮಂಜುಗಡ್ಡೆ ಇದೆ, ಕಪ್ಪಾಗಿದ್ದರೆ ಗಡ್ಡೆ ಕರಗಿ ನೀರಾಗಿದೆ. ದಟ್ಟ ಮರಗಳ ಕೆಳಗೆ ಇರೋದು ಇದರಲ್ಲಿ ಕಾಣುವುದಿಲ್ಲ, ಅದು ನೆನಪಿರಲಿ. ಕೊನೆಗೆ ಗುರುವಾರ ಅಥವಾ ಶುಕ್ರವಾರ ಅರಣ್ಯ ಇಲಾಖೆಯ ರೇಂಜರ್ ಆಫೀಸಿಗೆ ಒಂದು ಫೋನ್ ಮಾಡಿ. "ಅಲೋಹಾ ಹೇಗಿದೆ" ಅಂತ ಕೇಳಿದರೆ "ಹಿಮ ಇದೆ" ಅಂತ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ಹೇಪ್ರೆಸ್ ಮೆಡೋಸ್‌ನಲ್ಲಿ ದಾರಿ ಕಾಣುತ್ತಿದೆಯಾ? ಕೆರೆ ಹತ್ತಿರ ಟೆಂಟ್ ಹಾಕೋಕೆ ಒಣ ನೆಲ ಇದೆಯಾ?" ಅಂತ ಕೇಳಿ. (ಹೇಪ್ರೆಸ್ ಅಂದರೆ ಕೆರೆಗೆ ಮೊದಲು ದಾರಿಯಲ್ಲಿ ಸಿಗುವ ಹುಲ್ಲುಗಾವಲು.) ಎಕೋ ಲೇಕ್‌ಗೆ ಹೋಗುವ ರಸ್ತೆ ತೆರೆದಿದೆಯಾ ಅಂತಲೂ ಕೇಳಿ. ಆ ರಸ್ತೆಯನ್ನು ಚಳಿಗಾಲದಲ್ಲಿ ಮುಚ್ಚಿರುತ್ತಾರೆ, ಹಿಮ ಜಾಸ್ತಿಯಾದ ವರ್ಷ ತಡವಾಗಿ ತೆರೆಯುತ್ತದೆ.

ಇನ್ನು ದಾರಿಯ ವಿಷಯ. ನೀವು ಯಾವ ಕಡೆಯಿಂದ ಹೋಗುತ್ತೀರಿ ಅಂತ ಬರೆದಿಲ್ಲ. ಎಕೋ ಲೇಕ್ ಕಡೆಯಿಂದಲೇ ಹೋಗಿ. ಒಂದು ಬದಿಗೆ ಸುಮಾರು ಆರು ಮೈಲಿ. ಕಾರು ನಿಲ್ಲಿಸುವ ಜಾಗ 7,400 ಅಡಿ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸಾವಿರ ಅಡಿ ಮೇಲೆ. ಕರ್ನಾಟಕದ ಅತಿ ಎತ್ತರದ ಜಾಗವನ್ನು ಕಾರಿನಲ್ಲೇ ದಾಟಿಬಿಟ್ಟಿರುತ್ತೀರಿ! ಮೊದಲ ಎರಡೂವರೆ ಮೂರು ಮೈಲಿ ಕೆಳಗಿನ ಎಕೋ, ಮೇಲಿನ ಎಕೋ ಎರಡೂ ಕೆರೆಗಳ ದಂಡೆ ಹಿಡಿದು ಹೋಗುತ್ತದೆ. ಈ ಭಾಗ ದಕ್ಷಿಣಕ್ಕೆ ಮುಖ ಮಾಡಿದೆ, ಬರೀ ಬಂಡೆ, ಬಿಸಿಲು ಚೆನ್ನಾಗಿ ಬೀಳುತ್ತದೆ. ಹಿಮ ಬೇಗ ಹೋಗಿರುತ್ತದೆ. ಇಲ್ಲಿ ನಡೆಯುವಾಗ "ಅಯ್ಯೋ ಇಷ್ಟೇನಾ, ಸುಮ್ನೆ ಹೆದರಿದ್ವಿ" ಅನ್ನಿಸುತ್ತದೆ. ನಂಬಬೇಡಿ. ಅಲ್ಲಿಂದ ಏರು ಶುರು. ಹೇಪ್ರೆಸ್ ಮೆಡೋಸ್ ಹತ್ತಿರ 8,300 ಅಡಿ ದಾಟುತ್ತೀರಿ, ಅದು ಕೆರೆಗಿಂತಲೂ ಎತ್ತರ. ಅಲ್ಲಿ ದಾರಿ ಮರಗಳ ನಡುವೆ ಮಟ್ಟಸವಾಗಿ ಹೋಗುತ್ತದೆ, ಹಿಮ ಕೊನೆಯವರೆಗೆ ಕೂತಿರೋದು ಇಂಥ ಕಡೆಯೇ. ಜಾರಿ ಬೀಳುವ ಭಯ ಇಲ್ಲಿ ಕಡಿಮೆ, ದಾರಿ ತಪ್ಪುವ ಭಯ ಜಾಸ್ತಿ. ಎಲ್ಲ ದಿಕ್ಕೂ ಒಂದೇ ತರಹ ಕಾಣುತ್ತದೆ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ, ಕನಿಷ್ಠ ಇಬ್ಬರ ಫೋನಿಗೆ. ಹಿಮದ ಮೇಲಿನ ಹೆಜ್ಜೆ ಗುರುತು ನೋಡಿ ಹಿಂದೆ ಹೋಗಬೇಡಿ. ಅವರು ಮೂತ್ರಕ್ಕೆ ಹೋಗಿದ್ದರೋ ದಾರಿ ತಪ್ಪಿದ್ದರೋ ಯಾರಿಗೆ ಗೊತ್ತು.

ಬೇಸಿಗೆ ನಡುವಿನಲ್ಲಿ ಎಕೋ ಲೇಕ್ ದಾಟಿಸೋಕೆ ದೋಣಿ ಓಡುವುದುಂಟು. ಸೀಸನ್ ಶುರುವಿನಲ್ಲಿ ಅದನ್ನು ನೆಚ್ಚಬೇಡಿ, ಪೂರ್ತಿ ನಡೆಯುವ ಲೆಕ್ಕದಲ್ಲೇ ಹೊರಡಿ.

ಗ್ಲೆನ್ ಆಲ್ಪೈನ್ ಅನ್ನೋ ಇನ್ನೊಂದು ಕಡೆಯಿಂದ ಹತ್ತಿ ಎಕೋ ಕಡೆ ಇಳಿಯುವ ಆಸೆ ಹಲವರಿಗೆ ಇರುತ್ತದೆ, ಸೂಸಿ ಲೇಕ್, ಹೆದರ್ ಲೇಕ್ ಎಲ್ಲ ಸಿಗುತ್ತವೆ ಅಂತ. ಆಗಸ್ಟ್‌ಗೆ ಇಟ್ಟುಕೊಳ್ಳಿ. ಈಗ ಆ ಕಡೆ ಸೂಸಿ ಲೇಕಿನಿಂದ ಹೊರಗೆ ಹರಿಯುವ ನೀರನ್ನು ದಾಟಬೇಕು, ಕರಗುವ ಕಾಲದಲ್ಲಿ ಅದು ರಭಸವಾಗಿರುತ್ತದೆ. ಹೆದರ್ ಲೇಕ್ ಮೇಲಿನ ದಾರಿ ಓರೆ ಇಳಿಜಾರಿನಲ್ಲಿ ಸಾಗುತ್ತದೆ. ಅಲ್ಲಿ ಗಟ್ಟಿ ಹಿಮ ಉಳಿದಿದ್ದು ಕಾಲು ಜಾರಿದರೆ ನೇರ ಕೆಳಗೆ, ಕೆಳಗೆ ತಣ್ಣನೆ ನೀರು. ಬೆಟ್ಟದ ಸಾಲು ದಾಟುವ ಡಿಕ್ಸ್ ಪಾಸ್ ಅಂತೂ ಕೇಳಲೇಬೇಡಿ, ಅದರ ಉತ್ತರದ ಮಗ್ಗುಲಲ್ಲಿ ಜುಲೈವರೆಗೂ ಹಿಮ ಇರುತ್ತದೆ. ಎಕೋ ಕಡೆಯ ದಾರಿಯಲ್ಲಿ ದೊಡ್ಡ ಹೊಳೆ ದಾಟುವ ಪ್ರಮೇಯ ಬರುವುದಿಲ್ಲ. ನಾನು ಇದನ್ನೇ ಹೇಳುತ್ತಿರೋದಕ್ಕೆ ಮುಖ್ಯ ಕಾರಣ ಅದು. ಜನ ಹಿಮಕ್ಕೆ ಹೆದರುತ್ತಾರೆ, ಆದರೆ ಸೀಸನ್ ಶುರುವಿನಲ್ಲಿ ನಾನು ಹೆಚ್ಚು ಹೆದರೋದು ಆ ಹಿಮ ಕರಗಿ ಹರಿಯುವ ನೀರಿಗೆ.

ಎಕೋ ದಾರಿಯಲ್ಲೂ ಸಣ್ಣ ತೊರೆಗಳು ಸಿಗುತ್ತವೆ, ಹಾಗಾಗಿ ಹೊಳೆಯ ದಿನಚರಿ ತಿಳಿದಿರಲಿ. ನಮ್ಮ ಮಲೆನಾಡಿನ ಹಳ್ಳ ಮಳೆ ಬಂದಾಗ ಏರುತ್ತದೆ, ನಿಂತಾಗ ಇಳಿಯುತ್ತದೆ. ಇಲ್ಲಿಯದು ಬಿಸಿಲಿಗೆ ಏರುತ್ತದೆ. ಬೆಳಗ್ಗೆ ಕಲ್ಲಿಂದ ಕಲ್ಲಿಗೆ ಹಾರಿ ದಾಟಿದ ತೊರೆ ಸಂಜೆ ನಾಲ್ಕಕ್ಕೆ ತೊಡೆಯವರೆಗೆ ಬಂದಿರುತ್ತದೆ. ಆಕಾಶ ಶುಭ್ರ ಇರುತ್ತದೆ, ಒಂದು ಹನಿ ಮಳೆ ಬಂದಿರುವುದಿಲ್ಲ. ಮಧ್ಯಾಹ್ನವಿಡೀ ಕರಗಿದ ನೀರು ಸಂಜೆ ಹೊತ್ತಿಗೆ ಕೆಳಗೆ ಬರುತ್ತದೆ, ರಾತ್ರಿ ಹೆಪ್ಪುಗಟ್ಟಿದ ಮೇಲೆ ಇಳಿಯುತ್ತದೆ, ಬೆಳಗಿನ ಜಾವ ಅತಿ ಕಡಿಮೆ. ಹಾಗಾಗಿ ಯಾವುದೇ ಹೊಳೆ ಸಂಜೆ ಅನುಮಾನ ತರಿಸಿದರೆ ಅಲ್ಲೇ ಉಳಿದು ಬೆಳಗ್ಗೆ ನೋಡಿ. ದಾಟಲೇಬೇಕು ಅಂದರೆ ಅಗಲವಾಗಿ ಹರಡಿಕೊಂಡ ಜಾಗ ಹುಡುಕಿ, ಕಿರಿದಾದ ಕಡೆ ಆಳ ಮತ್ತು ಸೆಳೆತ ಎರಡೂ ಜಾಸ್ತಿ. ಬೂಟು ಬಿಚ್ಚಬೇಡಿ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಡಿ, ಬಿದ್ದರೆ ಬ್ಯಾಗು ಕಳಚಿಕೊಳ್ಳೋಕೆ ಆಗಬೇಕು. ನೀರು ಬರುವ ಕಡೆಗೆ ಮುಖ ಮಾಡಿ, ಕೋಲು ಊರಿ, ಅಡ್ಡಡ್ಡ ಹೆಜ್ಜೆ ಇಡಿ. ರಭಸದ ನೀರು ಮೊಣಕಾಲು ದಾಟಿದರೆ ವಾಪಸ್.

ಹಿಮಕ್ಕೂ ಇಂಥದ್ದೇ ದಿನಚರಿ ಇದೆ. ಬೆಳಗ್ಗೆ ಅದು ಸಿಮೆಂಟು, ಮೇಲೆ ನಡೆಯಬಹುದು. ಹನ್ನೊಂದು ಹನ್ನೆರಡರ ಮೇಲೆ ಮೆತ್ತಗಾಗುತ್ತದೆ, ಕಾಲು ದಬಕ್ಕನೆ ತೊಡೆಯವರೆಗೆ ಇಳಿಯುತ್ತದೆ. ಬಂಡೆಗಳ ಅಂಚು, ಮರದ ಬುಡ, ಹೊರಗೆ ತುದಿ ಚಾಚಿದ ಕೊಂಬೆ, ಇವುಗಳ ಪಕ್ಕ ಹಿಮ ಒಳಗೆ ಟೊಳ್ಳಾಗಿರುತ್ತದೆ. ಬಿಸಿಲಿಗೆ ಬಂಡೆ ಕಾದು ಸುತ್ತಲಿನದನ್ನು ಕರಗಿಸಿರುತ್ತದೆ, ಮೇಲೆ ತೆಳ್ಳನೆ ಪದರ ಮಾತ್ರ. ಅಲ್ಲಿ ಕಾಲಿಟ್ಟರೆ ಮೊಣಕಾಲಿನ ಕೆಳಗಿನ ಮೂಳೆ ಬಂಡೆಗೆ ಉಜ್ಜಿಕೊಂಡು ಹೋಗುತ್ತದೆ, ಕೆಲವರ ಮಂಡಿಯೂ ತಿರುಚುತ್ತದೆ. ಬಂಡೆಯಿಂದ ಹಿಮಕ್ಕೆ ಇಳಿಯುವಾಗ ಒಂದು ದೊಡ್ಡ ಹೆಜ್ಜೆ ಆಚೆಗೆ ಇಡಿ. ಹಿಮದ ಕೆಳಗೆ ನೀರಿನ ಸದ್ದು ಕೇಳಿದರೆ ನಿಂತು, ಸುತ್ತು ಹಾಕಿ ಹೋಗಿ.

ಇದರಿಂದ ನಿಮ್ಮ ಎರಡು ದಿನದ ವೇಳಾಪಟ್ಟಿ ತಾನಾಗಿ ಬರುತ್ತದೆ. ಶುಕ್ರವಾರ ರಾತ್ರಿಯೇ ಸೌತ್ ಲೇಕ್ ಟಾಹೋದಲ್ಲಿ ಮಲಗಿ. ಶನಿವಾರ ನಸುಕಿನಲ್ಲಿ ಮನೆ ಬಿಟ್ಟು ನಾಲ್ಕು ಗಂಟೆ ಕಾರು ಓಡಿಸಿ, ಹನ್ನೊಂದಕ್ಕೆ ನಡೆಯೋಕೆ ಶುರು ಮಾಡಿದರೆ ಅತಿ ಕೆಟ್ಟ ಹಿಮ ನಿಮಗೆ ಸಿಗುತ್ತದೆ. ಟಾಹೋದಲ್ಲಿ ಮಲಗಿದರೆ ಎತ್ತರಕ್ಕೆ ಮೈ ಸ್ವಲ್ಪ ಹೊಂದಿಕೊಳ್ಳುತ್ತದೆ ಕೂಡ. ಸಮುದ್ರಮಟ್ಟದಿಂದ ಒಂದೇ ದಿನದಲ್ಲಿ ಎಂಟು ಸಾವಿರ ಅಡಿಗೆ ಹೋಗಿ ಮಲಗಿದರೆ ಕೆಲವರಿಗೆ ತಲೆನೋವು, ಹೊಟ್ಟೆ ತೊಳೆಸುವುದು ಆಗುತ್ತದೆ. ಭಾವಮೈದುನನಿಗೆ ವಿಮಾನದ ಸುಸ್ತು ಬೇರೆ ಇರುತ್ತದೆ. ಎಂಟರೊಳಗೆ ಎಕೋದಿಂದ ಹೊರಡಿ. ಮಧ್ಯಾಹ್ನ ಎರಡರ ಹೊತ್ತಿಗೆ ಹೇಪ್ರೆಸ್ ದಾಟಿರದಿದ್ದರೆ ಮುಂದೆ ಹೋಗುವುದಿಲ್ಲ ಅಂತ ನಾಲ್ಕೂ ಜನ ಕಾರಿನ ಹತ್ತಿರವೇ ಮಾತಾಡಿಕೊಳ್ಳಿ. ಮೇಲೆ ಹೋದಮೇಲೆ ಈ ಮಾತು ಎತ್ತಿದವರು ಹೇಡಿ ಅನ್ನಿಸಿಕೊಳ್ಳುತ್ತಾರೆ, ಯಾರೂ ಎತ್ತುವುದಿಲ್ಲ.

ಕೆರೆ ದಂಡೆಗೇ ಹೋಗಿ ಟೆಂಟ್ ಹಾಕಬೇಕು ಅನ್ನೋ ಹಟ ಬಿಡಿ. ನಿಮ್ಮ ಜೋನಿನ ಗಡಿಯೊಳಗೆ ಮೊದಲು ಸಿಗುವ ಒಣ ಬಂಡೆಯ ಮೇಲೆ ಟೆಂಟ್ ಹಾಕಿ. ಭಾನುವಾರ ಬೆಳಗ್ಗೆ ಆರಕ್ಕೆ, ಹಿಮ ಇನ್ನೂ ಗಟ್ಟಿ ಇರುವಾಗ, ಭಾರ ಅಲ್ಲೇ ಬಿಟ್ಟು ಕೈಬೀಸಿಕೊಂಡು ಕೆರೆಗೆ ಹೋಗಿ ಬನ್ನಿ. ಶನಿವಾರ ಮಧ್ಯಾಹ್ನ ಎರಡು ಗಂಟೆ ತೆಗೆದುಕೊಳ್ಳುವ ದೂರ ಬೆಳಗ್ಗೆ ನಲವತ್ತು ನಿಮಿಷಕ್ಕೆ ಮುಗಿದರೂ ಆಶ್ಚರ್ಯವಿಲ್ಲ. ಅಲೋಹಾ ಸುತ್ತ ಬರೀ ಗ್ರಾನೈಟ್. ಬಂಡೆಯ ಮೇಲಿನ ಹಿಮ ಎಲ್ಲಕ್ಕಿಂತ ಮೊದಲು ಹೋಗುತ್ತದೆ, ಹಾಗಾಗಿ ಸುತ್ತ ಬಿಳಿ ಇದ್ದರೂ ನಾಲ್ಕು ಜನ ಮಲಗುವಷ್ಟು ಒಣ ಜಾಗ ಸಾಮಾನ್ಯವಾಗಿ ಸಿಗುತ್ತದೆ. ಒಂದೇ ತೊಂದರೆ, ಬಂಡೆಗೆ ಗೂಟ ಹೊಡೆಯೋಕೆ ಆಗಲ್ಲ. ತನ್ನಷ್ಟಕ್ಕೆ ನಿಲ್ಲುವ ಟೆಂಟ್ ಒಯ್ಯಿರಿ, ಹಗ್ಗಗಳನ್ನು ಕಲ್ಲಿಗೆ ಕಟ್ಟಿ. ಹಗ್ಗದ ತುದಿಗೆ ಒಂದು ಸಣ್ಣ ಕಲ್ಲು ಸುತ್ತಿ, ಅದರ ಮುಂದೆ ಹಗ್ಗದ ಮೇಲೇ ಒಂದು ದೊಡ್ಡ ಕಲ್ಲು ಇಟ್ಟರೆ ಗಾಳಿಗೆ ಸಣ್ಣದು ದೊಡ್ಡದಕ್ಕೆ ತಗುಲಿಕೊಂಡು ನಿಲ್ಲುತ್ತದೆ. ಹಸಿರು ಚಿಗುರುತ್ತಿರುವ ಹುಲ್ಲಿನ ಮೇಲೆ ಮಾತ್ರ ಬೇಡ. ಅದು ನೆನೆದ ನೆಲ, ಒಂದು ರಾತ್ರಿ ಮಲಗಿದರೆ ಅಲ್ಲಿನ ಗಿಡಕ್ಕೆ ಇಡೀ ಬೇಸಿಗೆ ಹಾಳು. ನೀರಿನಿಂದಲೂ ದಾರಿಯಿಂದಲೂ ನೂರು ಅಡಿ ದೂರ ಇರಬೇಕು ಅನ್ನೋದು ಅಲ್ಲಿನ ನಿಯಮ.

ಹಾಗಾದರೆ ಯಾಕೆ ಇಷ್ಟು ಕಷ್ಟಪಟ್ಟು ಈಗಲೇ ಹೋಗಬೇಕು? ಅಲೋಹಾ ಪೂರ್ತಿ ತನ್ನಷ್ಟಕ್ಕೆ ಆದ ಕೆರೆ ಅಲ್ಲ. ಚಿಕ್ಕ ಅಣೆಕಟ್ಟು ಕಟ್ಟಿ, ಹಲವು ಸಣ್ಣ ಹೊಂಡಗಳನ್ನು ಒಂದಾಗಿಸಿದ ನೀರು. ಅದಕ್ಕೇ ಅಷ್ಟು ಆಳವಿಲ್ಲದೆ, ನೂರಾರು ನಡುಗಡ್ಡೆಗಳ ಜೊತೆ ಹರಡಿಕೊಂಡಿದೆ. ಬೇಸಿಗೆ ಕೊನೆಗೆ ನೀರು ಬಿಟ್ಟು ಖಾಲಿಯಾಗುತ್ತಾ ಬಂದು, ಸೆಪ್ಟೆಂಬರ್‌ನಲ್ಲಿ ಬೂದು ಬಂಡೆಗಳ ನಡುವೆ ಅಲ್ಲಲ್ಲಿ ಹೊಂಡ ಉಳಿದಿರುತ್ತದೆ. ತುಂಬಿರೋದು ಈಗಲೇ. ಎದುರಿಗೆ ಕ್ರಿಸ್ಟಲ್ ರೇಂಜ್, ಅದರ ತುದಿಯಲ್ಲಿ 9,983 ಅಡಿಯ ಪಿರಮಿಡ್ ಪೀಕ್, ಎಲ್ಲ ಬಿಳಿ ಹೊದ್ದು ನಿಂತಿರುತ್ತವೆ. ಇನ್ನೊಂದು ಕಾರಣ ಸೊಳ್ಳೆ. ಹಿಮ ಕರಗಿದ ಹೊಂಡಗಳಲ್ಲಿ ಮೊಟ್ಟೆಯೊಡೆದು ಒಂದೆರಡು ವಾರದಲ್ಲಿ ಎದ್ದು ಬರುತ್ತವೆ. ಅಲೋಹಾ ಪಕ್ಕದ ಕಣಿವೆಗೆ ದಾಟುವ ಜಾಗಕ್ಕೆ ನಕ್ಷೆಯಲ್ಲೇ ಮಸ್ಕಿಟೊ ಪಾಸ್ ಅಂತ ಹೆಸರಿದೆ, ಇನ್ನೇನು ಹೇಳಲಿ. ನನ್ನ ಮಟ್ಟಿಗೆ, ಅಲ್ಲಲ್ಲಿ ಹಿಮ ಇರುವಾಗ ಹೋಗೋದು ಅದು ಪೂರ್ತಿ ಹೋದಮೇಲೆ ಮೂರು ವಾರ ಬಿಟ್ಟು ಹೋಗೋದಕ್ಕಿಂತ ಎಷ್ಟೋ ವಾಸಿ. ಆದರೂ ದಾರಿಯ ತಗ್ಗಿನ ಭಾಗದಲ್ಲಿ ಸೊಳ್ಳೆ ಆಗಲೇ ಎದ್ದಿರಬಹುದು. ತಲೆಗೆ ಹಾಕುವ ಬಲೆ ಒಂದೊಂದು ಇಟ್ಟುಕೊಳ್ಳಿ, ತೂಕವೇ ಇಲ್ಲ.

ಹೆಚ್ಚಿಗೆ ಒಯ್ಯಬೇಕಾದ್ದು ನೀವು ಅಂದುಕೊಂಡಷ್ಟಿಲ್ಲ. ಬೂಟಿಗೆ ಎಳೆದು ಹಾಕುವ ಮುಳ್ಳಿನ ಸರಪಳಿ, ಅಂದರೆ ಮೈಕ್ರೋಸ್ಪೈಕ್ಸ್, ಪ್ರತಿಯೊಬ್ಬರಿಗೂ, ಜೊತೆಗೆ ಊರುಗೋಲು. ಐಸ್ ಆಕ್ಸ್ (ಹಿಮದ ಕೊಡಲಿ) ಬೇಡ. ಅದು ಬೇಕಾಗುವ ಇಳಿಜಾರು ನಿಮ್ಮ ದಾರಿಯಲ್ಲಿ ಎದುರಾದರೆ, ಬಳಸೋಕೆ ಕಲಿಯದ ನಾಲ್ಕು ಜನ ಅಲ್ಲಿಂದ ವಾಪಸ್ ಬರೋದೇ ಸರಿ. ಕಪ್ಪು ಕನ್ನಡಕ ಕಡ್ಡಾಯ. ಹಿಮದ ಮೇಲೆ ಬಿಸಿಲು ಕೆಳಗಿನಿಂದಲೂ ಬಡಿಯುತ್ತದೆ, ಗದ್ದದ ಕೆಳಗೆ, ಮೂಗಿನ ಹೊಳ್ಳೆ ಅಂಚಿಗೆ ಕೂಡ ಸನ್‌ಸ್ಕ್ರೀನ್ ಹಚ್ಚಿ. ನಮ್ಮ ಮೈಬಣ್ಣಕ್ಕೆ ಏನಾಗಲ್ಲ ಅಂತ ಭಾವಮೈದುನ ಹೇಳುತ್ತಾನೆ, ಕೇಳಬೇಡಿ. ಜೀನ್ಸ್, ಕಾಟನ್ ಟೀ ಶರ್ಟ್ ಎರಡೂ ಮನೆಯಲ್ಲಿರಲಿ. ಕಾಲು ಒದ್ದೆ ಆಗೇ ಆಗುತ್ತದೆ, ಅದನ್ನು ತಪ್ಪಿಸೋಕೆ ಹೋಗಬೇಡಿ. ಮಲಗೋಕೆ ಅಂತಲೇ ಒಂದು ಜೊತೆ ಉಣ್ಣೆಯ ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು, ಟೆಂಟ್ ಒಳಗೆ ಹೋದಮೇಲೆ ಮಾತ್ರ ತೆಗೆಯಿರಿ.

ರಾತ್ರಿ ಚಳಿ ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸು, ಶುಭ್ರ ಆಕಾಶ ಇದ್ದರೆ ಇನ್ನೂ ಕೆಳಗೆ. ಸ್ಲೀಪಿಂಗ್ ಬ್ಯಾಗಿನ ಮೇಲೆ 20 ಡಿಗ್ರಿ ಫ್ಯಾರನ್‌ಹೀಟ್ ಅಂತ ಬರೆದಿದ್ದರೆ ಸಾಕು. ಜನ ಬ್ಯಾಗಿಗೆ ದುಡ್ಡು ಸುರಿದು ಕೆಳಗಿನ ಹಾಸಿಗೆಯನ್ನು ಮರೆಯುತ್ತಾರೆ. ಮೈಯ ಶಾಖ ಕೆಳಗಿನ ತಣ್ಣನೆ ಬಂಡೆಗೆ ಹೋಗುತ್ತದೆ, ಬ್ಯಾಗು ಅದನ್ನು ತಡೆಯಲ್ಲ. ಗಾಳಿ ತುಂಬುವ ಹಾಸಿಗೆಯ ಆರ್-ವ್ಯಾಲ್ಯೂ (ಶಾಖ ಹೋಗದಂತೆ ತಡೆಯುವ ಅಳತೆ) ನಾಲ್ಕರ ಮೇಲಿರಬೇಕು. ನಿಮ್ಮದು ಕಡಿಮೆ ಇದ್ದರೆ ಹೊಸದು ಕೊಳ್ಳಬೇಡಿ, ಕೆಳಗೆ ಒಂದು ಅಗ್ಗದ ಫೋಮ್ ಹಾಸಿ, ಎರಡರದ್ದೂ ಕೂಡಿಕೊಳ್ಳುತ್ತದೆ. ಇನ್ನೊಂದು, ಕೊಳವೆಯಂಥ ನೀರಿನ ಫಿಲ್ಟರ್ ನಿಮ್ಮ ಹತ್ತಿರ ಇದ್ದರೆ ಅದನ್ನು ರಾತ್ರಿ ಹೊರಗೆ ಬಿಡಬೇಡಿ. ಒಮ್ಮೆ ಬಳಸಿದ ಮೇಲೆ ಒಳಗೆ ನೀರು ಉಳಿದಿರುತ್ತದೆ. ಅದು ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಒಡೆಯುತ್ತವೆ, ಹೊರಗೆ ಏನೂ ಕಾಣಲ್ಲ, ಬೆಳಗ್ಗೆ ನೀರೂ ಬರುತ್ತದೆ, ಆದರೆ ಸೋಸಿರುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫೋನು ಮತ್ತು ಗ್ಯಾಸ್ ಡಬ್ಬಿ ಜೊತೆ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಂಡು ಮಲಗಿ.

ಊಟದ ಬಗ್ಗೆ ನೀವು ಕೇಳಿಲ್ಲ, ನಾನು ಹೇಳದೆ ಬಿಡುವುದಿಲ್ಲ. ಬೆಂಗಳೂರಿನಲ್ಲಿ ನೀರು ಕುದಿಯೋದು ಸುಮಾರು 97 ಡಿಗ್ರಿಗೆ. ಅಲೋಹಾದಲ್ಲಿ ಸುಮಾರು 92ಕ್ಕೇ ಕುದಿಯುತ್ತದೆ. ಅಕ್ಕಿ ಬೇಳೆ ಒಯ್ದು ಬಿಸಿಬೇಳೆಬಾತ್ ಮಾಡುತ್ತೇವೆ ಅಂತ ಹೋದರೆ ಗ್ಯಾಸ್ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಅಲ್ಲಿಗೆ ಗೊಜ್ಜವಲಕ್ಕಿಯಷ್ಟು ಚೆನ್ನಾಗಿ ಹೊಂದುವ ಊಟ ನನಗೆ ಇನ್ನೊಂದು ಗೊತ್ತಿಲ್ಲ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯಂತೆ ತರಿ ಮಾಡಿ. ಅದಕ್ಕೆ ಸಾರಿನ ಪುಡಿ, ಹುಣಸೆ ಪುಡಿ, ಬೆಲ್ಲದ ಪುಡಿ, ಉಪ್ಪು, ಒಣಕೊಬ್ಬರಿ ತುರಿ ಸೇರಿಸಿ. ಕಡಲೆಕಾಯಿ, ಕರಿಬೇವು, ಇಂಗಿನ ಒಗ್ಗರಣೆಯನ್ನು ಸ್ವಲ್ಪ ಜಾಸ್ತಿ ಎಣ್ಣೆಯಲ್ಲೇ ಮಾಡಿ, ಆರಿಸಿ, ಮನೆಯಲ್ಲೇ ಕಲಸಿ ಜಿಪ್ ಚೀಲಕ್ಕೆ ತುಂಬಿ. ಮೇಲೆ ಹೋದಾಗ ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಆಯಿತು. ಗ್ಯಾಸ್ ಕೈಕೊಟ್ಟರೆ ತಣ್ಣೀರಿನಲ್ಲೂ ನೆನೆಯುತ್ತದೆ, ಅದೇ ಅದರ ದೊಡ್ಡ ಗುಣ. ಪಾತ್ರೆ ತೊಳೆಯುವ ಕೆಲಸವೂ ಕಡಿಮೆ.

ಆ ಇಂಗಿನ ವಾಸನೆ ಕರಡಿಗೂ ಹೋಗುತ್ತದೆ. 2022ರಿಂದ ಡೆಸೊಲೇಶನ್‌ನಲ್ಲಿ ಊಟವನ್ನು ಗಟ್ಟಿ ಗೋಡೆಯ ಕರಡಿ ಡಬ್ಬಿಯಲ್ಲೇ ಇಡಬೇಕು, ಮರಕ್ಕೆ ನೇತುಹಾಕೋದು ಸಾಲದು. ನಾಲ್ಕು ಜನರ ಒಂದು ರಾತ್ರಿಗೆ ಎರಡು ಡಬ್ಬಿ ಸಾಕು, ಬಾಡಿಗೆಗೂ ಸಿಗುತ್ತವೆ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಜೇಬಿನಲ್ಲಿ ಮರೆತ ಕೋಡುಬಳೆ, ಎಲ್ಲ ಅದರೊಳಗೆ. ಟೆಂಟಿನಿಂದ ದೂರ, ಉರುಳಿ ನೀರಿಗೆ ಬೀಳದ ಕಡೆ ಇಡಿ. ಕ್ಯಾಂಪ್‌ಫೈರ್ ಅಲ್ಲಿ ವರ್ಷವಿಡೀ ನಿಷೇಧ, ಚಳಿ ಅಂತ ಒಣ ಕಡ್ಡಿ ಆಯೋಕೆ ಹೋಗಬೇಡಿ. ಸ್ಟೋವ್ ಹಚ್ಚೋಕೂ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಭಾವಮೈದುನನ ಈಜು. ಬೇಡ ಅಂತ ಖಂಡಿತವಾಗಿ ಹೇಳಿ. ಅವನಿಗೆ ಈಜು ಎಷ್ಟು ಚೆನ್ನಾಗಿ ಬರುತ್ತದೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಪಕ್ಕದಲ್ಲಿ ಮಂಜುಗಡ್ಡೆ ತೇಲುತ್ತಿರುವ ನೀರಿಗೆ ಧುಮುಕಿದ ಮೊದಲ ನಿಮಿಷ ಉಸಿರು ನಮ್ಮ ಹಿಡಿತದಲ್ಲಿ ಇರುವುದಿಲ್ಲ, ತಾನಾಗಿ ಏದುಸಿರು ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ತಲೆ ನೀರೊಳಗಿದ್ದರೆ ನೀರೇ ಎಳೆದುಕೊಳ್ಳುತ್ತದೆ. ಅದನ್ನು ದಾಟಿದರೂ ಹತ್ತು ನಿಮಿಷದೊಳಗೆ ಕೈಕಾಲು ಮಾತು ಕೇಳೋದನ್ನು ನಿಲ್ಲಿಸುತ್ತವೆ. ಬಿಸಿಲಿರುವ ಬಂಡೆ ಪಕ್ಕ, ಮೊಣಕಾಲುದ್ದದ ನೀರಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲಿ. ಕೆರೆಯ ಮೇಲೆ ಗಡ್ಡೆ ಇದ್ದರೆ ಅದರ ಮೇಲೆ ಕಾಲಿಡುವುದು ಅದಕ್ಕಿಂತ ಕೆಟ್ಟದ್ದು. ಜೂನ್ ಮಂಜುಗಡ್ಡೆ ನೋಡೋಕೆ ಗಟ್ಟಿ ಕಾಣುತ್ತದೆ, ಒಳಗೆ ಕೊಳೆತಿರುತ್ತದೆ.

ಹವಾಮಾನ ನೋಡುವಾಗ ಸೌತ್ ಲೇಕ್ ಟಾಹೋ ಊರಿನದ್ದನ್ನು ನೋಡಬೇಡಿ, ಕೆರೆಯ ಜಾಗವನ್ನೇ ನಕ್ಷೆಯಲ್ಲಿ ಒತ್ತಿ ರಾಷ್ಟ್ರೀಯ ಹವಾಮಾನ ಸೇವೆಯ ಮುನ್ಸೂಚನೆ ನೋಡಿ. ಎರಡು ಸಾವಿರ ಅಡಿಯ ವ್ಯತ್ಯಾಸ ಇದೆ. ಜೂನ್‌ನಲ್ಲೂ ಹೊಸ ಹಿಮ ಬೀಳುವುದುಂಟು. ಮಳೆ ಜೊತೆ ಗಾಳಿ, ಚಳಿ ಅಂತಿದ್ದರೆ ಹೊರಡಲೇಬೇಡಿ. ಬರೀ ಚಳಿಗೆ ಏನೂ ಆಗಲ್ಲ, ನೆನೆದು ಚಳಿಯಾದರೆ ಕಷ್ಟ. ಮೇಲೆ ಫೋನ್ ಸಿಗ್ನಲ್ ನಂಬುವಂತಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಅಥವಾ ಆ ಸೌಲಭ್ಯ ಇರುವ ಫೋನ್ ಒಂದಾದರೂ ಇರಲಿ. ಭಾನುವಾರ ಸಂಜೆ ಇಷ್ಟು ಗಂಟೆಗೆ ಫೋನ್ ಮಾಡದಿದ್ದರೆ ಯಾರಿಗೆ ತಿಳಿಸಬೇಕು ಅಂತ ಮನೆ ಹತ್ತಿರದ ಒಬ್ಬರಿಗೆ ಬರೆದು ಕೊಟ್ಟು ಹೋಗಿ. ಬೆಂಗಳೂರಿನಲ್ಲಿರುವ ಅತ್ತೆ ಮಾವನಿಗಲ್ಲ, ಅವರು ಶನಿವಾರ ರಾತ್ರಿಯಿಂದಲೇ ಫೋನ್ ಶುರು ಮಾಡುತ್ತಾರೆ.

ಕೊನೆಗೆ ಪರ್ಮಿಟ್. ಮೊದಲ ರಾತ್ರಿ ಯಾವ ಜೋನಿಗೆ ಬರೆಸಿದ್ದೀರೋ ಆ ಜೋನಿನಲ್ಲೇ ಮಲಗಬೇಕು. ಗುರುವಾರದ ಫೋನ್‌ನಲ್ಲಿ "ಅಲೋಹಾ ಪೂರ್ತಿ ಮುಚ್ಚಿದೆ" ಅಂತ ಗೊತ್ತಾದರೆ, ತಗ್ಗಿನ ಬೇರೆ ಜೋನಿನಲ್ಲಿ ಜಾಗ ಇದೆಯಾ ಅಂತ ಅದೇ ಫೋನ್‌ನಲ್ಲಿ ಕೇಳಿ, ಹೊರಡುವ ಮುಂಚೆಯೇ ಬದಲಿಸಿಕೊಳ್ಳಿ. ಆಯ್ಕೆ ಮಾಡುವಾಗ ಬರೀ ಎತ್ತರದ ಸಂಖ್ಯೆ ನೋಡಬೇಡಿ. ಎಕೋ ದಾರಿಯ ಪಕ್ಕದ ಟ್ಯಾಮರ‍್ಯಾಕ್, ರಾಲ್ಸ್ಟನ್ ಕೆರೆಗಳು ಅಲೋಹಾಗಿಂತ ಸ್ವಲ್ಪ ತಗ್ಗಿನಲ್ಲಿವೆ, ಹತ್ತಿರವೂ ಹೌದು. ಆದರೆ ಅವು ರಾಲ್ಸ್ಟನ್ ಪೀಕ್‌ನ ಉತ್ತರದ ನೆರಳಿನಲ್ಲಿ ಕೂತಿವೆ, ಅಲ್ಲಿ ಹಿಮ ಅಲೋಹಾದಷ್ಟೇ ಇರಬಹುದು. ಗ್ಲೆನ್ ಆಲ್ಪೈನ್ ಕಡೆಯ ಗ್ರಾಸ್ ಲೇಕ್ ಇನ್ನೂ ತಗ್ಗು, ಸುಮಾರು 7,200 ಅಡಿ, ಮೂರು ಮೈಲಿಯೊಳಗೆ ಸಿಗುತ್ತದೆ. ಹಿಮ ಅಲ್ಲಿ ಬೇಗ ಹೋಗುತ್ತದೆ, ಆದರೆ ಹೊಳೆ ದಾಟಬೇಕು. ಬೆಳಗ್ಗೆಯೇ ದಾಟಿ, ಭಾನುವಾರ ವಾಪಸ್ ಬರುವಾಗಲೂ ಬೆಳಗ್ಗೆಯೇ ದಾಟುವಂತೆ ಹೊರಡಿ. ಎರಡೂ ಬೇಡ, ಈ ಸಲ ಹೋಗೋದೇ ಬೇಡ ಅನ್ನಿಸಿದರೆ ಪರ್ಮಿಟ್ ಸುಮ್ನೆ ಇಟ್ಟುಕೊಳ್ಳದೆ ರದ್ದು ಮಾಡಿ. ಅಲೋಹಾದ ಶನಿವಾರಕ್ಕೆ ಕಾಯುತ್ತಿರುವವರು ಬಹಳ ಜನ ಇರುತ್ತಾರೆ.